ದಂಡು ಮೈಮೇಲೆ ಬಿದ್ದಾಗ ನಿಲ್ಲುವುದೆಲ್ಲಿ?

ಆ್ಯಕ್ಷನ್ ಆರ್‌ಪಿಜಿ (ಒಂದು ಪಾತ್ರವನ್ನು ಬೆಳೆಸುತ್ತ ಕಾದಾಡುವ ವಿಡಿಯೊ ಗೇಮ್) ಆಟಗಳಲ್ಲಿ ಬಾಸ್ ಎನ್ನುವ ದೊಡ್ಡ ಶತ್ರುವಿಗಿಂತ ಹೆಚ್ಚು ಕಾಡುವುದು ನಾಲ್ಕೈದು ಮಾಮೂಲಿ ಸೈನಿಕರ ಗುಂಪು. ಬಿಡಿಬಿಡಿಯಾಗಿ ಸಿಕ್ಕರೆ ಒಬ್ಬೊಬ್ಬನೂ ಎರಡು ಮೂರು ಏಟಿಗೆ ಬೀಳುವವನೇ. ಒಟ್ಟಿಗೆ ಬಂದಾಗ ಮಾತ್ರ ಒಬ್ಬನ ಏಟು ತಪ್ಪಿಸಿಕೊಳ್ಳುವಷ್ಟರಲ್ಲಿ ಇನ್ನೊಬ್ಬನದು ಬೆನ್ನಿಗೆ ಬೀಳುತ್ತದೆ, ತತ್ತರಿಸಿ ನಿಂತ ಅರೆಕ್ಷಣದಲ್ಲಿ ಮೂರನೆಯವನು ಮುಗಿಸುತ್ತಾನೆ. ಹಾಗಾಗಿ ಕತ್ತಿ ಬೀಸುವುದಕ್ಕಿಂತ ಮೊದಲು ಕಲಿಯಬೇಕಾದದ್ದು ನಿಲ್ಲುವ ಜಾಗ.

ರಾಯಚೂರು ಕೋಟೆಯ ಕಾಟಿ ದರ್ವಾಜ, ನವರಂಗ ದರ್ವಾಜಗಳ ಒಳಗೆ ಓಡಾಡಿದವರಿಗೆ ಇದು ಬೇಗ ಹೊಳೆಯುತ್ತದೆ. ಬಯಲಲ್ಲಿ ಎಷ್ಟೇ ದೊಡ್ಡ ದಂಡಿರಲಿ, ಬಾಗಿಲಲ್ಲಿ ಎದುರಾಗುವವರು ಕೆಲವರೇ. ಆಟದಲ್ಲೂ ಬಾಗಿಲು, ಮೆಟ್ಟಿಲು, ಎರಡು ಬಂಡೆಗಳ ನಡುವಿನ ಸಂದಿ ಹುಡುಕಿ. ಹಿಂದಕ್ಕೆ ಸರಿಯಲು ದಾರಿ ಇರಲೇಬೇಕು. ಮೂಲೆಯಲ್ಲಿ ನಿಂತರೆ ಕ್ಯಾಮೆರಾ ಗೋಡೆಗೆ ಒತ್ತಿಕೊಂಡು ಏನೂ ಕಾಣುವುದಿಲ್ಲ. ಸಂದಿಯಲ್ಲಿ ಈಟಿಯಂಥ ನೇರವಾಗಿ ಚುಚ್ಚುವ ಆಯುಧ ಹಿಡಿಯಿರಿ. 2011ರ ‘ಡಾರ್ಕ್ ಸೋಲ್ಸ್’ನಲ್ಲಿ ಅಡ್ಡಡ್ಡ ಬೀಸಿದ ಉದ್ದ ಕತ್ತಿ ಗೋಡೆಗೆ ಬಡಿದು ಹಿಂದಕ್ಕೆ ಪುಟಿಯುತ್ತದೆ, ಆ ಹೊತ್ತಿನಲ್ಲಿ ನಿಮ್ಮ ಮೈ ಪೂರ್ತಿ ಬಯಲು.

ಹೊರಡುವ ಮುನ್ನ ಮೈಮೇಲಿನ ತೂಕ ನೋಡಿಕೊಳ್ಳಿ. ‘ಎಲ್ಡನ್ ರಿಂಗ್’ ಆಟದಲ್ಲಿ ಎಕ್ವಿಪ್ ಲೋಡ್, ಅಂದರೆ ತೊಟ್ಟ ಕವಚ, ಆಯುಧಗಳ ತೂಕ, ಹೊರಬಲ್ಲ ಮಿತಿಯ ಶೇ 70ರ ಒಳಗಿರಬೇಕು. ದಾಟಿದರೆ ಏಟು ತಪ್ಪಿಸಿಕೊಳ್ಳುವ ಉರುಳುವಿಕೆ ನಿಧಾನವಾಗುತ್ತದೆ, ದಪ್ಪ ಕವಚ ಹಾಕಿಯೂ ಹೆಚ್ಚು ಏಟು ತಿನ್ನುತ್ತೀರಿ. ಕೈಯಲ್ಲಿರುವ ರೂನ್‌ಗಳನ್ನೂ (ಆಟದೊಳಗಿನ ಹಣ) ಮೊದಲೇ ಖರ್ಚು ಮಾಡಿ. ಸತ್ತರೆ ಅವು ಅಲ್ಲೇ ಬೀಳುತ್ತವೆ. ಸತ್ತ ಜಾಗಕ್ಕೆ ಮರಳುವ ಮುಂಚೆ ಮತ್ತೆ ಸತ್ತರೆ ಅವು ಹೋದವೇ. ಅವನ್ನು ಎತ್ತಿಕೊಳ್ಳುವ ಆತುರದಲ್ಲಿ ಗುಂಪಿನ ನಡುವೆ ನುಗ್ಗಿ ಸಾಯುವವರೇ ಬಹಳ.

ನಂತರ ದೂರದಲ್ಲಿ ನಿಂತು ಎಣಿಸಿ. ಕಹಳೆ ಊದುವವನಿದ್ದರೆ ಮೊದಲ ಗುರಿ ಅವನೇ. ‘ಎಲ್ಡನ್ ರಿಂಗ್’ನ ಗೇಟ್‌ಫ್ರಂಟ್ ಪಾಳುಜಾಗದಲ್ಲಿ ಅವನನ್ನು ಬಿಟ್ಟರೆ ಶಿಬಿರವೇ ಎದ್ದು ಬರುತ್ತದೆ. ಕುಕ್ಕರಗಾಲಲ್ಲಿ ಹಿಂದಿನಿಂದ ಹೋಗಿ ಇರಿಯಿರಿ. ಉಳಿದವರಲ್ಲಿ ಅಂಚಿನಲ್ಲಿರುವವನಿಗೆ ಒಂದೇ ಒಂದು ಎಸೆಗತ್ತಿ ಅಥವಾ ಬಾಣ ಬಿಟ್ಟು ನಿಮ್ಮ ಸಂದಿಗೆ ಸರಿಯಿರಿ. ಎಷ್ಟೋ ಸಲ ಅವನೊಬ್ಬನೇ ಬರುತ್ತಾನೆ. ಮೂವರು ಬಂದರೆ ಇನ್ನೂ ಹಿಂದಕ್ಕೆ ಓಡಿ. ಒಂದಷ್ಟು ದೂರ ಅಟ್ಟಿದ ಮೇಲೆ ಅವರು ತಿರುಗಿ ಹೊರಡುತ್ತಾರೆ, ಆಗ ಕೊನೆಯವನ ಬೆನ್ನು ನಿಮ್ಮ ಕಡೆಗಿರುತ್ತದೆ. ನಾಯಿಗಳಿದ್ದರೆ ಅವು ಮೊದಲು, ಗುರಾಣಿಯವನು ಕೊನೆಗೆ. ಎತ್ತರದಲ್ಲಿ ನಿಂತ ಬಿಲ್ಲುಗಾರನನ್ನು ಹುಡುಕಿಕೊಂಡು ಹೋಗಬೇಡಿ, ಅವನ ಕಣ್ಣಿಗೆ ಬೀಳದಂತೆ ಗೋಡೆ ಮರೆಯಾಗಿಸಿಕೊಳ್ಳಿ.

ಕಾದಾಟ ಶುರುವಾದ ಮೇಲೆ ಹೆಚ್ಚಿನವರು ಕೆಡುವುದು ಸ್ಟ್ಯಾಮಿನಾ, ಅಂದರೆ ಪಾತ್ರದ ದಮ್ಮಿನ ವಿಷಯದಲ್ಲಿ. ಅದನ್ನು ತೋರಿಸುವ ಹಸಿರು ಪಟ್ಟಿಯನ್ನು ಎಂದೂ ಬರಿದು ಮಾಡಬೇಡಿ. ಒಂದು ಉರುಳುವಿಕೆಗೆ ಸಾಕಾಗುವಷ್ಟು ಯಾವಾಗಲೂ ಉಳಿದಿರಲಿ. ನಾಲ್ಕು ಏಟು ಹೊಡೆಯಲು ಸಾಧ್ಯವಿದ್ದರೆ ಎರಡೇ ಹೊಡೆದು ಸರಿಯಿರಿ. ಗುರಾಣಿ ಎತ್ತಿಕೊಂಡೇ ಇದ್ದರೆ ಸ್ಟ್ಯಾಮಿನಾ ನಿಧಾನವಾಗಿ ತುಂಬುತ್ತದೆ, ಹಾಗಾಗಿ ಏಟು ಬರುವಾಗ ಎತ್ತಿ, ಬಿಡುವಿನಲ್ಲಿ ಇಳಿಸಿ. ಖಾಲಿ ಪಟ್ಟಿಯ ಮೇಲೆ ಏಟು ತಡೆದರೆ ರಕ್ಷಣೆ ಮುರಿದು ಬೀಳುತ್ತದೆ.

ಒಬ್ಬ ಶತ್ರುವಿನ ಮೇಲೇ ಗುರಿ ನಿಲ್ಲಿಸುವ ಲಾಕ್-ಆನ್ ಒಬ್ಬನೇ ಉಳಿದಾಗ ಸಾಕು. ಗುಂಪಿನ ನಡುವೆ ಅದು ಕ್ಯಾಮೆರಾವನ್ನು ಒಬ್ಬನಿಗೆ ಕಟ್ಟಿಹಾಕಿ ಉಳಿದವರನ್ನು ಮರೆಮಾಡುತ್ತದೆ. ಔಷಧಿ ಕುಡಿಯುವುದು ಜೀವ ಅರ್ಧಕ್ಕಿಳಿದಾಗ, ಅದೂ ಮೂರು ನಾಲ್ಕು ಹೆಜ್ಜೆ ದೂರ ಸಿಕ್ಕಿದ ಮೇಲೆ. ಕುಡಿಯುವಾಗ ಏಟು ಬಿದ್ದರೆ ಕುಡಿದದ್ದೂ ದಕ್ಕುವುದಿಲ್ಲ. 2015ರ ‘ದಿ ವಿಚರ್ 3’ ಆಡುವವರು ಕಾದಾಟಕ್ಕೆ ಮೊದಲೇ ಕ್ವೆನ್ ಎಂಬ ರಕ್ಷಣೆಯ ಮಂತ್ರ ಹಾಕಿಕೊಂಡು, ಆರ್ಡ್ ಎಂಬ ತಳ್ಳುವ ಮಂತ್ರದಿಂದ ಕೆಡವಿದವನನ್ನು ನೆಲದಲ್ಲೇ ಮುಗಿಸಬೇಕು.

ಇನ್ನೊಂದು ತೊಂದರೆ ನಮ್ಮ ಬಿಸಿಲಿನದು. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನ ಮನೆಯೊಳಗೆ ಲ್ಯಾಪ್‌ಟಾಪ್ ಕಾದು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಬಂದರೆ ಒಂದೊಂದು ಚಿತ್ರ ಸುಮಾರು 17 ಮಿಲಿಸೆಕೆಂಡ್, 30ಕ್ಕೆ ಇಳಿದರೆ 33. ಗುಂಪು ಹೆಚ್ಚಾದಾಗಲೇ ಈ ಏರಿಳಿತ ಬರುವುದರಿಂದ ಉರುಳುವ ಲೆಕ್ಕ ತಪ್ಪುತ್ತದೆ. ನೆರಳು, ಹುಲ್ಲಿನ ಸೆಟ್ಟಿಂಗ್ ತಗ್ಗಿಸಿ. ಆಗಲೂ 60 ನಿಲ್ಲದಿದ್ದರೆ 30ಕ್ಕೇ ಮಿತಿ ಹಾಕಿ, ಕೈ ಒಂದೇ ಲಯಕ್ಕೆ ಒಗ್ಗುತ್ತದೆ. ಲ್ಯಾಪ್‌ಟಾಪ್‌ನ ಹಿಂಭಾಗವನ್ನು ಎರಡು ಬೆರಳು ದಪ್ಪದಷ್ಟು ಎತ್ತರಿಸಿಡಿ, ಹಾಸಿಗೆಯ ಮೇಲಂತೂ ಇಡಲೇಬೇಡಿ. ಟಿ.ವಿ.ಗೆ ಜೋಡಿಸಿ ಆಡುವವರು ಅದರ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಗುಂಡಿ ಒತ್ತಿದ್ದು ಪರದೆಯಲ್ಲಿ ತಡವಾಗಿ ಕಾಣುತ್ತದೆ.