ಶಾಲು ಹೊದಿಸುವ ಮೊದಲು ಡ್ಯೂಟಿ ರಿಜಿಸ್ಟರ್

ಮೈಸೂರು, ಮಂಡ್ಯ ಕಡೆಯ ಈಜು ವಲಯದಲ್ಲಿ ಸನ್ಮಾನದ ಸಾಮಾನಿಗೇನೂ ಬರವಿಲ್ಲ. ಪೇಟ, ಗಂಧದ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲವೂ ದೇವರಾಜ ಮಾರುಕಟ್ಟೆಯ ಆಸುಪಾಸಿನಲ್ಲೇ ಸಿಗುತ್ತವೆ. ಸಿಗದೇ ಇರುವುದು ಸ್ವಯಂಸೇವಕರು, ಕೋಚ್‌ಗಳು, ಕ್ಲಬ್‌ಗಳಲ್ಲಿ ಯಾರಿಗೆ ಕೊಡಬೇಕು, ಯಾಕೆ ಕೊಡಬೇಕು ಅನ್ನುವ ಲೆಕ್ಕ. ಕಾರ್ಯಕ್ರಮಕ್ಕೆ ವಾರ ಇದೆ ಅನ್ನುವಾಗ ಸಮಿತಿಯವರು ಕೂತು ನೆನಪಿನ ಮೇಲೆ ಹೆಸರು ಬರೆದರೆ, ಮೈಕ್ ಹಿಡಿದವರೂ ವೇದಿಕೆ ಹತ್ತಿದವರೂ ಮೊದಲು ಬರುತ್ತಾರೆ. ಬೆಳಗಾಗುವ ಮೊದಲೇ ಬಂದು ಲೇನ್ ಹಗ್ಗ ಎಳೆದು ಬಿಗಿ ಮಾಡಿದವರು ಯಾರ ನೆನಪಿಗೂ ಬರುವುದಿಲ್ಲ. ಹಾಗಾಗಿ ನಮ್ಮಲ್ಲಿ ಸನ್ಮಾನದ ಕೆಲಸ ಶುರುವಾಗುವುದು ವರ್ಷದ ಮೊದಲ ಮೀಟ್‌ನ, ಅಂದರೆ ಈಜು ಸ್ಪರ್ಧೆಯ, ಬೆಳಿಗ್ಗೆ, ಒಂದು ರಿಜಿಸ್ಟರ್‌ನಿಂದ.

ಗಟ್ಟಿ ರಟ್ಟಿನ ಲಾಂಗ್ ಬುಕ್ ಒಂದಿದ್ದರೆ ಸಾಕು. ಕಾಲಂ ಎಂಟು: ದಿನಾಂಕ, ಮೀಟ್, ಹೆಸರು, ಕ್ಲಬ್ ಅಥವಾ ಯಾವ ಮಗುವಿನ ಪೋಷಕರು, ಡ್ಯೂಟಿ, ಬಂದ ಸಮಯ, ಬಿಟ್ಟ ಸಮಯ, ಸಹಿ. ಹೆಸರನ್ನು ಅವರೇ ಬರೆಯಬೇಕು. ಪ್ರಶಸ್ತಿ ಪತ್ರ ಅಚ್ಚು ಹಾಕಿಸುವಾಗ ಇದೇ ಕೈಬರಹ ಕಾಪಾಡುತ್ತದೆ. ಬಾಲ್ ಪೆನ್ ಇಡಿ, ಜೆಲ್ ಪೆನ್ ಬೇಡ. ಕೊಳದ ದಂಡೆಯಲ್ಲಿ ಒಣಗಿದ ಕೈ ಅನ್ನುವುದು ಇರುವುದೇ ಇಲ್ಲ, ಜೆಲ್ ಇಂಕ್ ಪೂರ್ತಿ ಹರಡಿಕೊಳ್ಳುತ್ತದೆ. ರಿಜಿಸ್ಟರ್ ಎಲ್ಲಿಡುತ್ತೀರಿ ಅನ್ನುವುದು ಇನ್ನೂ ಮುಖ್ಯ. ಗೇಟಿನ ಹತ್ತಿರ ಇಟ್ಟರೆ ಮಗುವಿಗೆ ತಿಂಡಿ ತಂದ ಅಜ್ಜನೂ ಸಹಿ ಹಾಕಿ ಹೋಗುತ್ತಾರೆ. ಚೀಫ್ ಟೈಮ್‌ಕೀಪರ್ ಸ್ಟಾಪ್‌ವಾಚ್ ಹಂಚುವ ಮೇಜಿನ ಮೇಲೆ ಇಡಬೇಕು. ವಾಚ್ ಕೊಡುವಾಗ ಬಂದ ಸಮಯ, ವಾಚ್ ವಾಪಸ್ ಪಡೆಯುವಾಗ ಬಿಟ್ಟ ಸಮಯ. ಆಗ ಯಾರೂ ಸಹಿ ಮರೆಯುವುದಿಲ್ಲ, ವಾಚೂ ಕಳೆಯುವುದಿಲ್ಲ. ಸಂಜೆ ಪ್ರತಿ ಪುಟದ ಫೋಟೊ ತೆಗೆದು ಇಬ್ಬರ ಫೋನಿನಲ್ಲಿ ಇರಲಿ.

ಒಂದು ಮೀಟ್‌ಗೆ ಎಷ್ಟು ಕೈ ಬೇಕು ಅನ್ನುವುದು ಮಕ್ಕಳನ್ನು ಬಿಟ್ಟು ಹೋಗುವ ಪೋಷಕರಿಗೆ ಗೊತ್ತಿರುವುದಿಲ್ಲ. ಎಂಟು ಲೇನ್ ಕೊಳದಲ್ಲಿ ಲೇನಿಗೆ ಮೂರರಂತೆ 24 ಟೈಮ್‌ಕೀಪರ್‌ಗಳು. ತಿರುವು ನೋಡಲು ಎರಡೂ ತುದಿಯಲ್ಲಿ ಲೇನಿಗೊಬ್ಬರಂತೆ 16 ಜನ. ಇದರ ಮೇಲೆ ರೆಫರಿ, ಸ್ಟಾರ್ಟರ್, ಈಜುವ ಶೈಲಿ ನಿಯಮದಂತಿದೆಯೇ ಅಂತ ನೋಡುವ ಸ್ಟ್ರೋಕ್ ಜಡ್ಜ್, ಮಕ್ಕಳನ್ನು ಹೀಟ್ (ಒಟ್ಟಿಗೆ ಈಜುವ ಗುಂಪು) ಪ್ರಕಾರ ಸಾಲಾಗಿ ಕೂರಿಸುವ ಕ್ಲರ್ಕ್ ಆಫ್ ಕೋರ್ಸ್, ಫಲಿತಾಂಶ ಟೈಪ್ ಮಾಡುವವರು. 1500 ಮೀಟರ್ ಇದ್ದರೆ ಸುತ್ತು ಎಣಿಸುವವರು ಬೇರೆ: 50 ಮೀಟರ್ ಕೊಳದಲ್ಲಿ 30 ಉದ್ದ, 25ರಲ್ಲಿ 60. ನಿಧಾನದ ಹೀಟ್ ಆದರೆ ಬಿಸಿಲಲ್ಲಿ ಬಗ್ಗಿ ಬೋರ್ಡ್ ತೋರಿಸುತ್ತಾ ಅರ್ಧ ಗಂಟೆ. ಜಿಲ್ಲಾ ಮಟ್ಟದಲ್ಲಿ ಇಷ್ಟು ಜನ ಒಟ್ಟಾಗುವುದು ಅಪರೂಪ, ಲೇನಿಗೆ ಇಬ್ಬರು ಸಿಕ್ಕರೆ ಪುಣ್ಯ. ನಿಂತವರ ಬೆಲೆ ಅಲ್ಲೇ ಗೊತ್ತಾಗುತ್ತದೆ.

ಅಂಕದ ಲೆಕ್ಕ ಸರಳವಾಗಿರಲಿ. ಅರ್ಧ ದಿನದ ಡ್ಯೂಟಿಗೆ ಒಂದು ಅಂಕ. ಕ್ಲರ್ಕ್ ಆಫ್ ಕೋರ್ಸ್‌ಗೂ ಫಲಿತಾಂಶದ ಮೇಜಿಗೂ ಒಂದೂವರೆ, ಏಕೆಂದರೆ ಅವರು ಕಾಫಿಗೂ ಏಳುವ ಹಾಗಿಲ್ಲ. ಹಗ್ಗ ಕಟ್ಟಲು ಮುಂಚೆ ಬಂದವರಿಗೆ ಅರ್ಧ ಹೆಚ್ಚು. ಅಂಕಗಳು ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗಬೇಕು. 10, 25, 50, 100 ದಾಟಿದಾಗ ಗೌರವ. ಇಲ್ಲಿ ತೀರ್ಪುಗಾರರು ಬೇಡ, ಪೈಪೋಟಿಯೂ ಬೇಡ. ‘ವರ್ಷದ ಅತ್ಯುತ್ತಮ ಸ್ವಯಂಸೇವಕ’ ಅಂತ ಒಬ್ಬರನ್ನೇ ಆರಿಸಿದರೆ ಒಬ್ಬರಿಗೆ ಖುಷಿ, ಉಳಿದವರು ಮುಂದಿನ ಮೀಟ್‌ಗೆ ಬರುವುದಿಲ್ಲ.

ಟೈಮ್‌ಕೀಪರ್‌ಗಳಿಗೆ ನಿಖರತೆಯ ಬಹುಮಾನ ಇಡೋಣ ಅಂತ ಪ್ರತಿ ಸಮಿತಿಯಲ್ಲೂ ಯಾರಾದರೂ ಹೇಳುತ್ತಾರೆ. ಸಮಯ ಬರೆಯುವ ಕಾರ್ಡಿನಲ್ಲಿ ಮೂರೂ ವಾಚಿನ ಸಮಯ ಇರುವುದರಿಂದ ಲೆಕ್ಕ ಹಾಕುವುದು ಕಷ್ಟವೂ ಅಲ್ಲ. ದಯವಿಟ್ಟು ಇಡಬೇಡಿ. ಮೂರು ವಾಚಿನಲ್ಲಿ ಎರಡು ಒಂದೇ ಇದ್ದರೆ ಅದೇ ಅಧಿಕೃತ ಸಮಯ. ಮೂರೂ ಬೇರೆ ಇದ್ದರೆ ನಡುವಿನದು: 34.18, 34.21, 34.30 ಬಂದರೆ 34.21. ಮೂವರೂ ಸ್ವತಂತ್ರವಾಗಿ ಒತ್ತಿದರೆ ಮಾತ್ರ ಈ ನಿಯಮಕ್ಕೆ ಅರ್ಥ. ಹೊಂದಾಣಿಕೆಗೆ ಬಹುಮಾನ ಅಂದ ಕೂಡಲೇ ಪಕ್ಕದವರ ವಾಚ್ ಇಣುಕಿ ನೋಡಿ ಬರೆಯುವ ಚಾಳಿ ಶುರುವಾಗುತ್ತದೆ. ಆಗ ಮೂರು ವಾಚ್ ಇದ್ದೂ ಒಂದೇ ಇದ್ದ ಹಾಗೆ.

ಕೋಚ್‌ಗಳ ವಿಷಯ ಹೆಚ್ಚು ತೊಡಕು. ಪದಕ ಎಣಿಸಿ ಕೊಟ್ಟರೆ ಅದು ಕೋಚ್‌ಗಿಂತ ಹೆಚ್ಚಾಗಿ ಕೊಳಕ್ಕೆ ಕೊಟ್ಟ ಪ್ರಶಸ್ತಿ: ಯಾರ ಹತ್ತಿರ 50 ಮೀಟರ್ ಕೊಳ, ಬೆಳಗಿನ ಜಾವದ ಲೇನ್, ಎತ್ತರದ ಮಕ್ಕಳು ಇದ್ದಾರೋ ಅವರಿಗೇ ಪ್ರತಿ ವರ್ಷ ಹೋಗುತ್ತದೆ. ಇನ್ನೊಂದು ನಮ್ಮ ಭಾಗದ ಸಮಸ್ಯೆ. ಮದ್ದೂರಿನಲ್ಲೋ ನಂಜನಗೂಡಿನಲ್ಲೋ ಒಬ್ಬರು ಮಗುವಿನ ನೀರಿನ ಭಯ ಬಿಡಿಸಿ, ನಾಲ್ಕೂ ಸ್ಟ್ರೋಕ್ ಕಲಿಸಿ, ಮೂರು ವರ್ಷ ಮೈಗೂಡಿಸುತ್ತಾರೆ. ಮಗು ಚುರುಕು ಅಂತ ಗೊತ್ತಾದ ಕೂಡಲೇ ಅದು ಮೈಸೂರಿಗೆ ಬರುತ್ತದೆ, ಇನ್ನೂ ಚುರುಕಾದರೆ ಬೆಂಗಳೂರಿಗೆ ಹೋಗುತ್ತದೆ. ರಾಜ್ಯ ಪದಕ ಬಂದ ದಿನ ಪತ್ರಿಕೆಯಲ್ಲಿ ಕೊನೆಯ ಕೋಚ್ ಹೆಸರು ಮಾತ್ರ. ಇದನ್ನು ಸರಿಪಡಿಸಲು ನೋಂದಣಿ ಅರ್ಜಿಯಲ್ಲೇ ಒಂದು ಸಾಲು ಸೇರಿಸಿ: ‘ಈಜು ಮೊದಲು ಕಲಿಸಿದವರು’. ಅದನ್ನು ಪೋಷಕರು ತುಂಬಬೇಕು, ಈಗಿನ ಕೋಚ್ ತುಂಬಬಾರದು. ರಾಜ್ಯ ಮಟ್ಟದಲ್ಲಿ ಪದಕ ಗೆದ್ದ ಪ್ರತಿ ಮಗುವಿನ ಹಿಂದಿನ ಅರ್ಜಿ ತೆಗೆದು ನೋಡಿದರೆ, ಯಾರಿಗೂ ಪರಿಚಯವೇ ಇಲ್ಲದ ಹೆಸರುಗಳು ಎದ್ದು ಬರುತ್ತವೆ. ‘ಮೊದಲ ಗುರು’ ಅಂತ ಅವರಿಗೆ ಬೇರೆಯೇ ಗೌರವ ಇಡುವುದು ಉಳಿದೆಲ್ಲ ಪ್ರಶಸ್ತಿಗಳಿಗಿಂತ ಅಗತ್ಯ ಅಂತ ನಮ್ಮ ಅಭಿಪ್ರಾಯ.

ತರಬೇತಿಯ ಗುಣಕ್ಕೆ ನಾವು ನೋಡುವುದು ಎರಡು ಅಂಕಿ. ಮೊದಲನೆಯದು ಸುಧಾರಣೆ. ಒಂದೇ ಸ್ಪರ್ಧೆಯಲ್ಲಿ ಮಗುವಿನ ಹೋದ ವರ್ಷದ ಅತ್ಯುತ್ತಮ ಸಮಯಕ್ಕೂ ಈ ವರ್ಷದ್ದಕ್ಕೂ ಇರುವ ಶೇಕಡಾ ವ್ಯತ್ಯಾಸ. 50 ಮೀಟರ್ ಫ್ರೀಸ್ಟೈಲ್‌ನಲ್ಲಿ 44.00 ಇದ್ದದ್ದು 40.00 ಆದರೆ ಶೇ 9.1, 29.00 ಇದ್ದದ್ದು 28.00 ಆದರೆ ಶೇ 3.4. ಹಾಗಂತ ಮೊದಲನೆಯ ಕೋಚೇ ಮೇಲು ಅನ್ನಲು ಬರುವುದಿಲ್ಲ. ಹತ್ತು ವರ್ಷದ ಮಗು ಬೆಳೆದಷ್ಟೂ ತಾನಾಗಿಯೇ ವೇಗವಾಗುತ್ತದೆ, ಹದಿನಾರರ ಹುಡುಗನಿಗೆ ಒಂದು ಸೆಕೆಂಡ್ ಇಳಿಸುವುದೇ ತಪಸ್ಸು. ಆದ್ದರಿಂದ ಒಂದೇ ವಯೋಗುಂಪಿನ ಒಳಗೇ ಹೋಲಿಸಬೇಕು. ಕೋಚ್‌ನ ಎಲ್ಲ ಮಕ್ಕಳನ್ನೂ ಸೇರಿಸಿ ನಡುವಿನ ಅಂಕಿ ತೆಗೆಯಬೇಕು. ಸರಾಸರಿ ತೆಗೆದರೆ ಒಂದೇ ಮಗುವಿನ ದೊಡ್ಡ ಜಿಗಿತ ಎಲ್ಲವನ್ನೂ ಮುಚ್ಚಿಹಾಕುತ್ತದೆ. 25 ಮೀಟರ್ ಕೊಳದ ಸಮಯವನ್ನು 50ರದ್ದರ ಜೊತೆ ಬೆರೆಸಬೇಡಿ, ತಿರುವಿನ ತಳ್ಳು ಹೆಚ್ಚು ಸಿಗುವುದರಿಂದ ಚಿಕ್ಕ ಕೊಳದ ಸಮಯ ವೇಗವಾಗಿಯೇ ಬರುತ್ತದೆ. ಕೈ ವಾಚಿನದನ್ನು ಎಲೆಕ್ಟ್ರಾನಿಕ್ ಸಮಯದ ಜೊತೆಗೂ ಬೆರೆಸಬೇಡಿ.

ಎರಡನೆಯದು ಉಳಿಕೆ. ಏಪ್ರಿಲ್, ಮೇ ಬೇಸಿಗೆ ಶಿಬಿರದಲ್ಲಿ ಕೊಳ ಜಾತ್ರೆಯಾಗಿರುತ್ತದೆ, ಶಾಲೆ ಶುರುವಾದ ಮೇಲೆ ಖಾಲಿ. ಶಿಬಿರಕ್ಕೆ ಬಂದ ಮಕ್ಕಳಲ್ಲಿ ಎಷ್ಟು ಜನ ದಸರಾ ಹೊತ್ತಿಗೂ ನೀರಿಗೆ ಇಳಿಯುತ್ತಿದ್ದಾರೆ? ಹಾಜರಿ ಪುಸ್ತಕ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ. ಬೈದು ಈಜಿಸುವ ಕೋಚ್‌ಗೆ ಮೊದಲ ಅಂಕಿ ಚೆನ್ನಾಗಿ ಬಂದು ಎರಡನೆಯದು ಕುಸಿದಿರುತ್ತದೆ. ಹೆಣ್ಣುಮಕ್ಕಳ ಉಳಿಕೆಯನ್ನು ಬೇರೆ ತೆಗೆದು ನೋಡಿ. ಹನ್ನೆರಡು, ಹದಿಮೂರರ ನಂತರ ಅವರು ಕೊಳ ಬಿಡುವುದಕ್ಕೆ ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ ಚಿಲಕ ಇಲ್ಲದಿರುವುದೂ ಕಾರಣವಾಗಿರಬಹುದು.

ಯಾವ ಕೋಚ್‌ನ ಹೆಸರನ್ನೇ ಆಗಲಿ ಪ್ರಕಟಿಸುವ ಮೊದಲು ಅವರ ಕ್ಲಬ್‌ನಿಂದ ಒಂದು ಪತ್ರ ಬರೆಸಿಕೊಳ್ಳುತ್ತೇವೆ: ಮಕ್ಕಳ ಸುರಕ್ಷತೆಗೆ ಸಂಬಂಧಿಸಿದ ದೂರು ಇಲ್ಲ ಅಂತ. ದೂರು ಇದ್ದರೆ ಪ್ರಶಸ್ತಿ ತಡೆಹಿಡಿಯುವುದಷ್ಟೇ ಅಲ್ಲ. ಲೈಂಗಿಕ ದೌರ್ಜನ್ಯದ ದೂರಾದರೆ, ಮಕ್ಕಳ ರಕ್ಷಣೆಯ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಾಹಿತಿ ಇದ್ದವರು ಪೊಲೀಸರಿಗೆ ತಿಳಿಸಲೇಬೇಕು. ಸಮಿತಿಯಲ್ಲೇ ಬಗೆಹರಿಸಿಕೊಳ್ಳೋಣ ಅನ್ನುವ ಮಾತಿಗೆ ಅಲ್ಲಿ ಜಾಗವಿಲ್ಲ.

ಕ್ಲಬ್‌ಗಳಿಗೆ ಒಂದೇ ಪ್ರಶ್ನೆ ಸಾಕು: ಎಷ್ಟು ಎಂಟ್ರಿ ಕಳಿಸಿದಿರಿ, ಎಷ್ಟು ಕೈ ಕಳಿಸಿದಿರಿ? 60 ಎಂಟ್ರಿಗೆ ಮೂವರು ಸ್ವಯಂಸೇವಕರನ್ನು ಕೊಟ್ಟ ದೊಡ್ಡ ಕ್ಲಬ್‌ಗಿಂತ 12 ಎಂಟ್ರಿಗೆ ಇಬ್ಬರನ್ನು ಕೊಟ್ಟ ಪಾಂಡವಪುರ ಕಡೆಯ ಪುಟ್ಟ ಕ್ಲಬ್ ಎಷ್ಟೋ ಮೇಲು. ಅಲ್ಲಿ 20 ಎಂಟ್ರಿಗೊಬ್ಬರು, ಇಲ್ಲಿ ಆರಕ್ಕೊಬ್ಬರು. ಹೆಸರು ಕೊಟ್ಟು ಹೇಳದೇ ಕೇಳದೇ ಬಾರದ ಎಂಟ್ರಿಗಳನ್ನು ಕ್ಲಬ್‌ನ ಕೊರತೆಯಾಗಿ ಎಣಿಸಬೇಕು. ಖಾಲಿ ಲೇನ್ ಅಂದರೆ ಬೇರೆ ಮಗುವಿನ ಅವಕಾಶ ಹಾಳು. ಎಲ್ಲ ಕ್ಲಬ್‌ಗೂ ಬೇಜಾರಾಗದಿರಲಿ ಅಂತ ಒಂದೊಂದು ಫಲಕ ಹಂಚಿದರೆ ಯಾರೂ ಅದನ್ನು ಗೋಡೆಗೆ ಹಾಕುವುದಿಲ್ಲ.

ಪಂಪ್ ಆಪರೇಟರ್‌ನನ್ನು ಮಾತ್ರ ಯಾವ ವರ್ಷವೂ ಬಿಡುವಂತಿಲ್ಲ. ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.8ರ ಒಳಗೆ. ಬಿಸಿಲಿಗೆ ಕ್ಲೋರಿನ್ ಹಾರಿಹೋಗುತ್ತದೆ, ಮಕ್ಕಳು ಹೆಚ್ಚಾದಷ್ಟೂ ಬೇಗ ತೀರುತ್ತದೆ. ಗೇಜ್‌ನಲ್ಲಿ ಒತ್ತಡ ಏರಿದಾಗ ಮರಳು ಫಿಲ್ಟರ್‌ಗೆ ಬ್ಯಾಕ್‌ವಾಶ್ ಕೊಡಬೇಕು, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯಬೇಕು. ಮೀಟ್ ದಿನ ನೀರು ಮಬ್ಬಾಗಿ ತಳದ ಕಪ್ಪು ಗೆರೆ ಕಾಣದಿದ್ದರೆ ಮಗುವನ್ನು ಇಳಿಸುವಂತೆಯೇ ಇಲ್ಲ. ಆಪರೇಟರ್ ದಿನಕ್ಕೆರಡು ಸಲ ರೀಡಿಂಗ್ ಬರೆದ ಪುಸ್ತಕವೇ ಅವರ ಡ್ಯೂಟಿ ರಿಜಿಸ್ಟರ್. ಇವರಿಗೆ ಶಾಲಿನ ಜೊತೆಗೆ ನಗದು ಕೊಡಿ, ಗಮ್‌ಬೂಟು ಮತ್ತು ರಾಸಾಯನಿಕಕ್ಕೆ ತಕ್ಕ ಮಾಸ್ಕ್ ಕೊಡಿ.

ಕೊಳದ ಹೊರಗೂ ಈಜು ಇದೆ. ಶ್ರೀರಂಗಪಟ್ಟಣ, ತಿ. ನರಸೀಪುರದ ಹೊಳೆ ದಂಡೆಯಲ್ಲಿ, ವಿ.ಸಿ. ನಾಲೆಯ ಉದ್ದಕ್ಕೂ ಯಾರೋ ಬಿದ್ದರು ಅಂದ ಕೂಡಲೇ ಧುಮುಕುವ ಅಂಬಿಗರು, ಮುಳುಗುಗಾರರು ಇದ್ದಾರೆ. ಇವರ ಹೆಸರು ಕೇಳಿದ ಮಾತಿನ ಮೇಲೆ ಬೇಡ. ಪೊಲೀಸ್ ಠಾಣೆ ಅಥವಾ ಅಗ್ನಿಶಾಮಕ ಠಾಣೆಯಿಂದ ಖಚಿತಪಡಿಸಿಕೊಳ್ಳಿ. ವೇದಿಕೆಯಲ್ಲಿ ಘಟನೆ ವಿವರಿಸಿ ಅಂತ ಕೇಳಬೇಡಿ. ತೀರಿಕೊಂಡವರ ಮನೆಯವರು ಅದೇ ಸಭೆಯಲ್ಲಿ ಕೂತಿರಬಹುದು.

ಆಯ್ಕೆ ಸಮಿತಿಗೆ ಐವರು ಸಾಕು. ಬೇರೆ ಕ್ರೀಡೆಯ ದೈಹಿಕ ಶಿಕ್ಷಕರೊಬ್ಬರು, ಲೆಕ್ಕಕ್ಕೆ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಇದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ತಮ್ಮ ಕ್ಲಬ್‌ನ ಹೆಸರು ಬಂದಾಗ ಸದಸ್ಯರು ಎದ್ದು ಹೊರಗೆ ಹೋಗಬೇಕು, ಹೋದದ್ದನ್ನು ನಡಾವಳಿಯಲ್ಲಿ ಬರೆಯಬೇಕು. ಪದಾಧಿಕಾರಿಗಳಿಗೆ ಅಧಿಕಾರದಲ್ಲಿರುವಷ್ಟು ದಿನ ಪ್ರಶಸ್ತಿ ಇಲ್ಲ. ದಾನಿಗಳಿಗೆ ಕೃತಜ್ಞತೆ ಬೇರೆ, ಅದನ್ನು ಈ ಪಟ್ಟಿಗೆ ಸೇರಿಸಬಾರದು.

ಅಚ್ಚಿನ ಕೆಲಸದಲ್ಲಿ ಎಡವುವುದು ಫಾಂಟ್‌ನಲ್ಲಿ. ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಪಟ್ಟಿ ಅಂಗಡಿಯ ಕಂಪ್ಯೂಟರಿನಲ್ಲಿ ಗೋಜಲಾಗುತ್ತದೆ. ಯೂನಿಕೋಡ್‌ನಲ್ಲಿ ಕಳಿಸಿದರೂ ಹಳೆಯ ಡಿಸೈನ್ ಸಾಫ್ಟ್‌ವೇರ್ ಒತ್ತಕ್ಷರ ಒಡೆದುಬಿಡುತ್ತದೆ. ‘ಕೃಷ್ಣ’ದ ಣ ಒತ್ತು ಜಾರಿ ಪಕ್ಕಕ್ಕೆ ಬಂದು ಕೂತ ಪತ್ರವನ್ನು ಯಾರು ತಾನೇ ಮನೆಯಲ್ಲಿ ತೂಗುಹಾಕುತ್ತಾರೆ? ಪಿಡಿಎಫ್ ಕಳಿಸಿ, ಒಂದು ಪ್ರತಿ ಕಾಗದದ ಮೇಲೆ ತೆಗೆಸಿ, ರಿಜಿಸ್ಟರ್‌ನ ಕೈಬರಹದ ಜೊತೆ ಇನಿಷಿಯಲ್ ಸಮೇತ ತಾಳೆ ನೋಡಿ, ಆಮೇಲೆ ಉಳಿದದ್ದು. 300 ಜಿಎಸ್‌ಎಂ ಕಾಗದ ಸಾಕು. ಕಾರ್ಯಕ್ರಮ ಕೊಳದ ದಂಡೆಯಲ್ಲಾದರೆ ಗಾಜಿನ ಫ್ರೇಮ್ ಬೇಡವೇ ಬೇಡ. ಬರಿಗಾಲ ಮಕ್ಕಳ ನಡುವೆ ಒಂದು ಒಡೆದು ಚೂರು ನೀರಿಗೆ ಬಿದ್ದರೆ ಕೊಳವನ್ನೇ ಖಾಲಿ ಮಾಡಿಸಬೇಕಾಗುತ್ತದೆ. ಅಕ್ರಿಲಿಕ್ ಹಾಕಿಸಿ.

ದಿನಾಂಕಕ್ಕೆ ನವೆಂಬರ್ ಅನುಕೂಲ: ದಸರಾ ಕ್ರೀಡಾಕೂಟ ಮುಗಿದಿರುತ್ತದೆ, ಪರೀಕ್ಷೆ ದೂರ ಇರುತ್ತದೆ. ಮುಹೂರ್ತ ಇರುವ ಭಾನುವಾರ ಛತ್ರ ಸಿಗುವುದಿಲ್ಲ, ಸಿಕ್ಕರೂ ಬಾಡಿಗೆ ಕೈಗೆಟುಕುವುದಿಲ್ಲ. ಶಾಲೆಯ ಸಭಾಂಗಣವೇ ವಾಸಿ. ಮೀಟ್ ನಡುವೆಯೇ ಕೊಟ್ಟು ಮುಗಿಸೋಣ ಅನ್ನುವುದು ಖರ್ಚು ಉಳಿಸುತ್ತದೆ ನಿಜ, ಆದರೆ ಸನ್ಮಾನಿತರೇ ವಾಚ್ ಹಿಡಿದು ಲೇನ್ ತುದಿಯಲ್ಲಿ ನಿಂತಿರುತ್ತಾರೆ. ಒಬ್ಬೊಬ್ಬರಿಗೆ 45 ಸೆಕೆಂಡ್ ಅಂದರೆ ಮೂವತ್ತು ಜನಕ್ಕೆ ಇಪ್ಪತ್ತೆರಡೂವರೆ ನಿಮಿಷ. ‘ಅವಿರತ ಸೇವೆ ಸಲ್ಲಿಸಿದ’ ಅಂತ ಓದಬೇಡಿ. ‘ಐದು ವರ್ಷದಲ್ಲಿ 52 ಅರ್ಧ ದಿನ, ಹೆಚ್ಚಿನವು ನಾಲ್ಕನೇ ಲೇನಿನಲ್ಲಿ’ ಅಂತ ಓದಿ, ಸಭೆ ತಾನಾಗಿಯೇ ಚಪ್ಪಾಳೆ ತಟ್ಟುತ್ತದೆ. ಪ್ರಶಸ್ತಿಯನ್ನು ಅವರು ಸಮಯ ಹಿಡಿದ ಮಗುವೇ ಕೊಡಲಿ. ಮುಖ್ಯ ಅತಿಥಿ ತಡವಾದರೂ ಆಗ ಕಾರ್ಯಕ್ರಮ ನಿಲ್ಲುವುದಿಲ್ಲ. ಅವರು ಬಂದ ಮೇಲೆ ಭಾಷಣ ಮಾಡಲಿ.

ಮುಗಿದ ಮೇಲೆ ಅಂಕಗಳ ಪೂರ್ತಿ ಪಟ್ಟಿಯನ್ನು ಕೊಳದ ಸೂಚನಾ ಫಲಕಕ್ಕೆ ಅಂಟಿಸಿ, ಆಕ್ಷೇಪಣೆಗೆ ಹದಿನೈದು ದಿನ ಬಿಡಿ. ದಾಖಲೆಗಳನ್ನು ಎಸೆಯಬೇಡಿ. ರಾಜ್ಯ ಸರ್ಕಾರ ಕ್ರೀಡೆಗೆ ಬೆನ್ನಾಗಿ ನಿಂತ ಸಂಸ್ಥೆಗಳಿಗೆ ಕ್ರೀಡಾ ಪೋಷಕ ಪ್ರಶಸ್ತಿ ಕೊಡುತ್ತದೆ. ಕೋಚ್‌ಗಳಿಗೆ ಕೇಂದ್ರ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ 1985ರಿಂದ ಇದೆ. ಬೆಂಗಳೂರಿನ ಈಜು ಕೋಚ್‌ಗಳಾದ ನಿಹಾರ್ ಅಮೀನ್ 2015ರಲ್ಲಿ, ಎಸ್. ಪ್ರದೀಪ್ ಕುಮಾರ್ 2016ರಲ್ಲಿ ಅದನ್ನು ಪಡೆದರು. ಅರ್ಜಿ ಕರೆದಾಗ ಸಿಗುವ ದಿನಗಳು ಕಡಿಮೆ. ಅಷ್ಟರೊಳಗೆ ಹಳೆಯ ಫಲಿತಾಂಶ, ಮಕ್ಕಳ ಪ್ರಮಾಣಪತ್ರ ಹುಡುಕಿ ಒಟ್ಟು ಮಾಡುವುದು ಆಗದ ಕೆಲಸ. ಕೋಚ್‌ಗೊಂದು ಫೈಲ್ ಮಾಡಿ, ಪ್ರತಿ ಮೀಟ್‌ನ ಸಹಿಯಾದ ಫಲಿತಾಂಶದ ಒಂದು ಪ್ರತಿಯನ್ನು ಆ ವಾರವೇ ಅದಕ್ಕೆ ಸೇರಿಸುತ್ತಾ ಬನ್ನಿ.