ಹನ್ನೊಂದನೆಯ ದಿನದ ಬ್ಲಾಕು ಮತ್ತು ಬಣ್ಣ ಹಿಡಿಯದ ಸ್ಲೈಡು

ರೀಸಸ್ ಕೋತಿಯ ಭ್ರೂಣವು ಫಲೀಕರಣವಾದ ಸುಮಾರು 9ನೆಯ ದಿನ ಗರ್ಭಕೋಶದ ಒಳಪದರಕ್ಕೆ ಅಂಟಿಕೊಳ್ಳುತ್ತದೆ. ಅಂಟಿದ ಜಾಗದಲ್ಲಿ ಭ್ರೂಣದ ಜೀವಕೋಶ ಯಾವುದು, ತಾಯಿಯದು ಯಾವುದು ಎಂದು ಬೇರ್ಪಡಿಸಿ ಗುರುತಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಪ್ರಯೋಗಾಲಯದಲ್ಲಿ ಹಿಂದಿನವರು ಜೋಪಾನವಾಗಿಟ್ಟಿದ್ದ ಕೆಲವೇ ಪ್ಯಾರಾಫಿನ್ ಬ್ಲಾಕುಗಳು, ಅಂದರೆ ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿದ ತುಂಡುಗಳು, ಇದ್ದವು. ಒಂದೊಂದರ ಹಿಂದೆಯೂ ಒಂದು ಪ್ರಾಣಿಯ ಜೀವವಿದ್ದುದರಿಂದ ಒಂದು ಸೀಳನ್ನೂ ಎಸೆಯಬಾರದೆಂದು ನಿಶ್ಚಯಿಸಿಕೊಂಡೆ. ತೆಳುವಾಗಿ ಸೀಳುವ ಯಂತ್ರವಾದ ಮೈಕ್ರೋಟೋಮಿನಲ್ಲಿ 5 ಮೈಕ್ರಾನ್ ದಪ್ಪಕ್ಕೆ ಕತ್ತರಿಸಿದರೆ ಒಂದು ಮಿಲಿಮೀಟರ್ ದಾಟಲು 200 ಸೀಳುಗಳು ಬೇಕು. ಹನ್ನೊಂದನೆಯ ದಿನದ ಭ್ರೂಣ ಕೂತ ಜಾಗವೂ ಆಸುಪಾಸು ಅಷ್ಟೇ ಅಗಲ.

ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣ ಕಟ್ಟಿದ ಮೊದಲ ಸ್ಲೈಡುಗಳಲ್ಲೇ ನಾನು ತಪ್ಪಿದೆ. ಒಂದೇ ಸಾಲಾಗಿ ನಿಂತಿರಬೇಕಾದ ಮೇಲ್ಪದರದ ಜೀವಕೋಶಗಳು ಭ್ರೂಣದ ಸುತ್ತ ಉಬ್ಬಿ, ವಿಭಜಿಸಿ, ದುಂಡುದುಂಡಾದ ಗುಂಪುಗಳಾಗಿ ಒಳಗಿನ ಗ್ರಂಥಿಗಳ ಕಡೆಗೆ ಇಳಿದಿದ್ದವು. ಅಷ್ಟು ಬಿರುಸಾಗಿ ಬೆಳೆದದ್ದು ಭ್ರೂಣದ ಹೊರಪದರವಾದ ಟ್ರೋಫೋಬ್ಲಾಸ್ಟೇ ಇರಬೇಕೆಂದು ಇಡೀ ದಿಮ್ಮಿಯನ್ನು ಭ್ರೂಣದ ಲೆಕ್ಕಕ್ಕೆ ಬರೆದಿಟ್ಟೆ. ನನಗೆ ಕೆಲಸ ಕಲಿಸಿದ ಹಿರಿಯರು ಗದರಲಿಲ್ಲ. ಸಂಶೋಧಕರಾದ ವಿಸ್ಲಾಕಿ ಮತ್ತು ಸ್ಟ್ರೀಟರ್ 1938ರಲ್ಲಿ ಮಕಾಕ್ ಕೋತಿಗಳ ಮಾಸಿನ ಬಗ್ಗೆ ಬರೆದದ್ದನ್ನು ಓದಲು ಹೇಳಿದರು. ನಾನು ಭ್ರೂಣವೆಂದುಕೊಂಡದ್ದು ತಾಯಿಯ ಪದರವೇ ಕೊಡುವ ಉತ್ತರವಾಗಿತ್ತು. ಅದನ್ನು ಎಪಿಥೀಲಿಯಲ್ ಪ್ಲಾಕ್ ಎನ್ನುತ್ತಾರೆ. ಪ್ರೊಜೆಸ್ಟರಾನ್ ಪ್ರಭಾವದಲ್ಲಿರುವ ಒಳಪದರವನ್ನು ಬರಿದೇ ಗೀರಿದರೂ, ಭ್ರೂಣವೇ ಇಲ್ಲದೆ, ಇಂಥದೇ ಪ್ರತಿಕ್ರಿಯೆ ಏಳುತ್ತದೆ ಎಂಬುದನ್ನು ತಿಳಿದಾಗ ನನ್ನ ಊಹೆಯ ಬುಡವೇ ಅಲ್ಲಾಡಿತು.

ಓದಿ ಒಪ್ಪಿಕೊಂಡರೆ ಸಾಲದು, ನನ್ನ ಸ್ಲೈಡಿನಲ್ಲಿ ಗಡಿ ಎಲ್ಲಿದೆಯೆಂದು ತೋರಿಸಬೇಕಿತ್ತು. ಕೆರಾಟಿನ್ ಎಂಬ ಪ್ರೋಟೀನಿಗೆ ಅಂಟಿ ಅದಿರುವ ಕಡೆ ಬಣ್ಣ ತೋರಿಸುವ ಸೈಟೋಕೆರಾಟಿನ್ ಪ್ರತಿಕಾಯ ಹಾಕಿ ನೋಡಿದೆ. ಟ್ರೋಫೋಬ್ಲಾಸ್ಟೂ ಗರ್ಭಕೋಶದ ಮೇಲ್ಪದರವಾದ ಎಪಿಥೀಲಿಯಮ್ಮೂ ಎರಡೂ ಕೆರಾಟಿನ್ ಇರುವ ಜೀವಕೋಶಗಳೇ ಆದ್ದರಿಂದ ಎಲ್ಲವೂ ಒಂದೇ ಕಂದು ಬಣ್ಣಕ್ಕೆ ತಿರುಗಿದವು. ಆಗ ಭ್ರೂಣ ಮಾತ್ರ ಸ್ರವಿಸುವ ಕೋರಿಯಾನಿಕ್ ಗೊನಡೋಟ್ರೋಪಿನ್ ಹಾರ್ಮೋನನ್ನು ಹುಡುಕಲು ಹೊರಟೆ. ಪ್ರತಿಕಾಯ ಮನುಷ್ಯರ ಹಾರ್ಮೋನಿಗೆಂದು ತಯಾರಾದದ್ದು. ಕೋತಿಯಲ್ಲೂ ಹಿಡಿಯುತ್ತದೆಯೇ ಎಂದು ಮೊದಲು ಪರೀಕ್ಷಿಸಲು ದಿನ ತುಂಬಿದ ಕೋತಿಯ ಮಾಸನ್ನು ಬಳಸಿದೆ. ಬಣ್ಣ ಬರಲಿಲ್ಲ. ಎರಡು ವಾರ ಪ್ರತಿಕಾಯದ ಪ್ರಮಾಣ, ಬಿಸಿ ಮಾಡುವ ಅವಧಿ, ತೊಳೆಯುವ ದ್ರಾವಣ ಎಲ್ಲವನ್ನೂ ಬದಲಿಸಿದೆ. ದೋಷ ಅವುಗಳಲ್ಲಿರಲಿಲ್ಲ. ಮನುಷ್ಯರಲ್ಲಿ ಈ ಹಾರ್ಮೋನು ಹೆರಿಗೆಯವರೆಗೂ ಕಡಿಮೆ ಮಟ್ಟದಲ್ಲಿ ಉಳಿದರೆ, ಸುಮಾರು 165 ದಿನಗಳ ರೀಸಸ್ ಗರ್ಭಾವಧಿಯಲ್ಲಿ ಅದು 40ನೆಯ ದಿನದ ಹೊತ್ತಿಗೇ ಇಲ್ಲವಾಗುತ್ತದೆ. ನಾಲ್ಕನೆಯ ವಾರದ ಮಾಸಿನ ಸೀಳನ್ನು ಹಾಕಿದ ದಿನವೇ ಬಣ್ಣ ಬಂತು.

ಅನಂತರ ಹನ್ನೊಂದನೆಯ ದಿನದ ಸ್ಲೈಡು ಓದಲು ಬಂತು. ಜೀವಕೋಶಗಳ ಗಡಿಯಿಲ್ಲದೆ ಹಲವು ಕೋಶಕೇಂದ್ರಗಳನ್ನು ಹೊತ್ತ ಭ್ರೂಣದ ಸಿನ್ಸೀಷಿಯಂ ತಾಯಿಯ ಜೀವಕೋಶಗಳ ನಡುವೆ ತೂರಿಕೊಂಡು ಕೆಳಗಿನ ಲೋಮನಾಳಗಳನ್ನು ಮುಟ್ಟಿತ್ತು. ಅದರ ಸುತ್ತ, ಬಣ್ಣ ಹಿಡಿಯದೆ, ಪ್ಲಾಕ್ ನಿಂತಿತ್ತು. ನಾನು ಗುರುತಿಗೆಂದು ಮಾತ್ರ ಬಳಸಿದ ಹಾರ್ಮೋನು ತಾನೇ ಒಂದು ಸಂದೇಶವೆಂಬುದು ಬಬೂನುಗಳ ಮೇಲಿನ ಕೆಲಸವನ್ನು ಓದಿದಾಗ ತಿಳಿಯಿತು: 1999ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ, ಭ್ರೂಣವಿಲ್ಲದ ಬಬೂನಿನ ಗರ್ಭಕೋಶಕ್ಕೆ ಇದೇ ಹಾರ್ಮೋನನ್ನು ಹರಿಸಿದಾಗ ಮೇಲ್ಪದರದಲ್ಲಿ ಪ್ಲಾಕಿನಂಥ ಪ್ರತಿಕ್ರಿಯೆ ಮೂಡಿತ್ತು. ಇದನ್ನು ಹಾಗೆಯೇ ಮನುಷ್ಯರಿಗೆ ಅನ್ವಯಿಸುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಮನುಷ್ಯರಲ್ಲಿ ಇಂಥ ಪ್ಲಾಕ್ ಏಳುವುದಿಲ್ಲ. ಮೇಲ್ಪದರದ ಅಡಿಯ ಆಧಾರ ಅಂಗಾಂಶವಾದ ಸ್ಟ್ರೋಮಾದ ಜೀವಕೋಶಗಳು ಭ್ರೂಣ ಬಾರದ ತಿಂಗಳಲ್ಲೂ, ಮುಟ್ಟಿಗೆ ಮುಂಚಿನ ದಿನಗಳಲ್ಲೇ ಮಾರ್ಪಡತೊಡಗುತ್ತವೆ.

ಎಸೆಯದೆ ಉಳಿಸಿಕೊಂಡ ಸೀಳುಗಳು ಬೆಲೆ ತಂದದ್ದು ಎರಡು ವಾರ ಸಮೀಪಿಸಿದ್ದ ಮತ್ತೊಂದು ಬ್ಲಾಕಿನಲ್ಲಿ. ಭ್ರೂಣ ಅಂಟಿದ ಗೋಡೆಯನ್ನಷ್ಟೇ ನೋಡಿ ಮುಗಿಸಬಹುದಿತ್ತು. ಎದುರು ಗೋಡೆಯ ಸೀಳುಗಳನ್ನೂ ಕ್ರಮವಾಗಿ ನೋಡುತ್ತ ಹೋದಾಗ ಅಲ್ಲಿಯೂ ಇಂಥದೇ ದಿಮ್ಮಿ ಎದ್ದಿರುವುದು ಕಂಡಿತು. ರೀಸಸ್ ಕೋತಿಯ ಮಾಸು ಸಾಮಾನ್ಯವಾಗಿ ಎರಡು ಬಿಲ್ಲೆಗಳಾಗಿ ಬೆಳೆಯುತ್ತದೆ. ಎರಡನೆಯ ಬಿಲ್ಲೆ ಕೂರುವುದು ಆ ಎದುರು ಗೋಡೆಯ ಮೇಲೆಯೇ.