ಪ್ಯೂರಿಟನ್ ಮೂಲಪುರುಷನ ಜಾಡು ಹಿಡಿಯುವುದು ಹೇಗೆ?

ಸೊಸೆಯೋ ಅಳಿಯನೋ ಅಮೆರಿಕದವರಾದ ಕನ್ನಡದ ಮನೆಗಳು ಈಗ ಎಷ್ಟೋ ಇವೆ. ಅವರಲ್ಲಿ ಕೆಲವರು ಬಾಸ್ಟನ್ ಸುತ್ತಮುತ್ತಲಿನ ಹಳೆಯ ಮನೆತನದವರು. ಮೊಮ್ಮಗು ವಂಶವೃಕ್ಷ ಬರೆಯಲು ಕೂತರೆ ಆ ಕಡೆಯ ಕೊಂಬೆಯನ್ನೂ ಹುಡುಕಬೇಕಲ್ವಾ? 1620ರಿಂದ 1640ರೊಳಗೆ ಸುಮಾರು 20,000 ಜನ ಇಂಗ್ಲೆಂಡ್ ಬಿಟ್ಟು ನ್ಯೂ ಇಂಗ್ಲೆಂಡ್, ಅಂದರೆ ಬಾಸ್ಟನ್ ಇರುವ ಅಮೆರಿಕದ ಈಶಾನ್ಯ ಭಾಗ, ಸೇರಿದರು. ಅವರಲ್ಲಿ ಬಹಳಷ್ಟು ಮಂದಿ ಪ್ಯೂರಿಟನ್ನರು, ಅಂದರೆ ಇಂಗ್ಲೆಂಡಿನ ಚರ್ಚನ್ನು ಇನ್ನಷ್ಟು ಶುದ್ಧ ಮಾಡಬೇಕು ಎಂದ ಕ್ರೈಸ್ತ ಪಂಥದವರು. ಬರೆದಿಡುವುದರಲ್ಲಿ ಅವರು ಗಟ್ಟಿಗರು. ಹಾಗಾಗಿ 400 ವರ್ಷ ಹಿಂದಕ್ಕೆ ಹೋಗುವುದು ನಿಜಕ್ಕೂ ಸಾಧ್ಯ.

ಉದಾಹರಣೆಗೆ ಎಡ್ಮಂಡ್ ರೈಸ್‌ನನ್ನೇ ತೆಗೆದುಕೊಳ್ಳೋಣ. 1638ರ ಸುಮಾರಿಗೆ ಬಂದು ಮ್ಯಾಸಚೂಸೆಟ್ಸ್‌ನ ಸಡ್‌ಬರಿ ಊರು ಕಟ್ಟಿದವರಲ್ಲಿ ಅವನೊಬ್ಬ. 1663ರಲ್ಲಿ ತೀರಿಕೊಂಡ.

ಮೊದಲು ಇವತ್ತಿನಿಂದ ಹಿಂದಕ್ಕೆ

ಎಡ್ಮಂಡ್‌ನಿಂದ ಶುರು ಮಾಡಿ ಕೆಳಗೆ ಬರಬೇಡಿ. ಬದುಕಿರುವವರಿಂದ ಶುರು ಮಾಡಿ ಒಂದೊಂದೇ ತಲೆಮಾರು ಮೇಲೆ ಹೋಗಿ. ‘ಇವಳು ಇವರ ಮಗಳು’ ಎಂದು ಹೇಳುವ ಒಂದು ದಾಖಲೆ ಪ್ರತಿ ಕೊಂಡಿಗೂ ಬೇಕು. ಹೆಸರು ಒಂದೇ ಆದರೆ ಸಾಲದು. ಜಾನ್, ಮೇರಿ ಊರಿಗೆ ಹತ್ತು ಮಂದಿ. ‘ಸೀನಿಯರ್’, ‘ಜೂನಿಯರ್’ ಎಂದಿದ್ದರೆ ಅಪ್ಪ-ಮಗ ಎಂದೂ ಅಂದುಕೊಳ್ಳಬೇಡಿ. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರಲ್ಲಿ ದೊಡ್ಡವನು, ಚಿಕ್ಕವನು ಎಂದಷ್ಟೇ ಅದರ ಅರ್ಥ ಇರಬಹುದು.

ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟು, ಮದುವೆ, ಸಾವು ಬರೆದಿಡಬೇಕೆಂದು 1639ರಲ್ಲೇ ಕಾನೂನು ಬಂತು. 1850ರವರೆಗಿನ ಈ ದಾಖಲೆಗಳು ಅಲ್ಲಿನ ಎಷ್ಟೋ ಊರುಗಳಿಗೆ ಅಚ್ಚಾಗಿ ಸಿಗುತ್ತವೆ. ಮೊದಲ ದಶಕಗಳ ಮದುವೆಯನ್ನು ಚರ್ಚಿನ ಪುಸ್ತಕದಲ್ಲಿ ಹುಡುಕಬೇಡಿ. ಪ್ಯೂರಿಟನ್ನರಿಗೆ ಮದುವೆ ಎಂದರೆ ಒಂದು ಕರಾರು. ಅದು ಪಾದ್ರಿಯ ಮುಂದಲ್ಲ, ಮ್ಯಾಜಿಸ್ಟ್ರೇಟರ ಮುಂದೆ ನಡೆಯುತ್ತಿತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದವು ಉಯಿಲುಗಳು ಮತ್ತು ಜಮೀನಿನ ಪತ್ರಗಳು. ಯಾವ ಮಗಳಿಗೆ ಹಾಸಿಗೆ, ಯಾವ ಮಗನಿಗೆ ಹಸು ಎಂದು ಬರೆದದ್ದನ್ನು ಓದುವಾಗ ಒಂದು ಇಡೀ ಮನೆ ಕಣ್ಣ ಮುಂದೆ ಬರುತ್ತದೆ. ಆದರೆ ನಂಟಿನ ಪದಗಳ ಬಗ್ಗೆ ಎಚ್ಚರ. ಆಗಿನ ‘ಕಸಿನ್’ ಅಣ್ಣನ ಮಗನೂ ಆಗಿರಬಹುದು. ‘ಸನ್ ಇನ್ ಲಾ’ ಎಂದರೆ ಎಷ್ಟೋ ಸಲ ಅಳಿಯನಲ್ಲ, ಹೆಂಡತಿಯ ಮೊದಲ ಗಂಡನ ಮಗ.

ತಾರೀಖಿನ ಗೊಂದಲ

ಜಾಸ್ತಿ ಜನ ಎಡವುವುದು ಇಲ್ಲೇ. 1752ರವರೆಗೆ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅದಕ್ಕೇ 10 ಫೆಬ್ರವರಿ 1640/41 ಎಂದು ಎರಡು ವರ್ಷ ಹಾಕಿರುತ್ತಾರೆ. ಆಗಿನವರಿಗೆ ಅದು 1640, ನಮ್ಮ ಲೆಕ್ಕಕ್ಕೆ 1641. ಇನ್ನೊಂದು ತೊಡಕೂ ಇದೆ. ತಿಂಗಳ ಹೆಸರುಗಳು ಬೇರೆ ದೇವತೆಗಳವು ಎಂದು ಪ್ಯೂರಿಟನ್ನರು ಬರೀ ಸಂಖ್ಯೆ ಬರೆಯುತ್ತಿದ್ದರು. 1ನೇ ತಿಂಗಳು ಮಾರ್ಚ್, 12ನೇ ತಿಂಗಳು ಫೆಬ್ರವರಿ. ಅದನ್ನು ಡಿಸೆಂಬರ್ ಎಂದು ಓದಿದರೆ ಮದುವೆಗೆ ಮೊದಲೇ ಮಗು ಹುಟ್ಟಿಬಿಡುತ್ತದೆ! ದಾಖಲೆಯಲ್ಲಿ ಇರುವ ಹಾಗೇ ಮೊದಲು ನಕಲು ಮಾಡಿಕೊಳ್ಳಿ. ನಿಮ್ಮ ಲೆಕ್ಕವನ್ನು ಪಕ್ಕದಲ್ಲಿ ಬೇರೆ ಬರೆಯಿರಿ.

ಕಡಲು ದಾಟುವುದು

ಅಮೆರಿಕದ ಕಡೆಯ ಕೆಲಸ ಪೂರ್ತಿ ಮುಗಿಯದೆ ಇಂಗ್ಲೆಂಡಿಗೆ ಹಾರಬೇಡಿ. 1988ರಲ್ಲಿ ಶುರುವಾದ ‘ಗ್ರೇಟ್ ಮೈಗ್ರೇಶನ್ ಸ್ಟಡಿ ಪ್ರಾಜೆಕ್ಟ್’ ಈ ವಲಸಿಗರಲ್ಲಿ 1635ರವರೆಗೆ ಬಂದವರ ದಾಖಲೆಗಳನ್ನು ಒಬ್ಬೊಬ್ಬರದಾಗಿ ಒರೆಗೆ ಹಚ್ಚಿದೆ. ಇದನ್ನು ನಡೆಸುವುದು 1845ರಿಂದ ಬಾಸ್ಟನ್‌ನಲ್ಲಿರುವ ವಂಶಾವಳಿ ಸಂಘ. ನಿಮ್ಮ ವ್ಯಕ್ತಿ ಅದರಲ್ಲಿ ಇದ್ದಾನಾ ಎಂದು ಮೊದಲು ನೋಡಿ.

ಇಂಗ್ಲೆಂಡಿನ ಚರ್ಚುಗಳಲ್ಲಿ 1538ರಿಂದ ರಿಜಿಸ್ಟರ್ ಇದೆ. ಅಲ್ಲಿ ಒಬ್ಬನ ಹೆಸರನ್ನಲ್ಲ, ಇಡೀ ಕುಟುಂಬದ ಗೊಂಚಲನ್ನು ಹುಡುಕಿ. ಎಡ್ಮಂಡ್ ಸಿಕ್ಕಿದ್ದು ಹಾಗೆಯೇ. 1618ರಲ್ಲಿ ಬರಿ ಸೇಂಟ್ ಎಡ್ಮಂಡ್ಸ್‌ನಲ್ಲಿ ಥಾಮಸಿನ್ ಫ್ರಾಸ್ಟ್ ಜೊತೆ ಮದುವೆ. ಆಮೇಲೆ ಮಕ್ಕಳ ದೀಕ್ಷಾಸ್ನಾನ ಸಫೋಕ್‌ನ ಸ್ಟ್ಯಾನ್‌ಸ್ಟೆಡ್‌ನಲ್ಲಿ, ಮುಂದೆ ಬರ್ಕ್‌ಹ್ಯಾಮ್‌ಸ್ಟೆಡ್‌ನಲ್ಲಿ. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಸಡ್‌ಬರಿಯ ಮನೆಗೆ ಹೊಂದುತ್ತಾರೆ. ಅಕ್ಕಪಕ್ಕದವರನ್ನೂ ನೋಡಿ. ಜನ ಗುಂಪಾಗಿ, ತಮ್ಮ ಪಾದ್ರಿಯ ಜೊತೆ ಬರುತ್ತಿದ್ದರು. ನಾರ್ಫೋಕ್‌ನ ಹಿಂಗಮ್‌ನವರು ಪೀಟರ್ ಹೋಬರ್ಟ್ ಜೊತೆ ನೆಲೆಸಿದ ಜಾಗಕ್ಕೆ ಹಿಂಗಮ್ ಎಂದೇ ಹೆಸರಿಟ್ಟರು.

ರಾಜರ ವಂಶ ಸಿಕ್ಕಿತೇ?

ನಿಲ್ಲಿ. ಗುಸ್ತಾವ್ ಅಂಜೂ ಎಂಬಾತ ದುಡ್ಡಿಗಾಗಿ ಸುಳ್ಳು ವಂಶಾವಳಿಗಳನ್ನೇ ಕಟ್ಟಿ ಮಾರಿದ್ದ. ಅವು ಇವತ್ತಿಗೂ ಒಬ್ಬರಿಂದ ಒಬ್ಬರಿಗೆ ನಕಲಾಗುತ್ತಾ ಹರಿದಾಡುತ್ತಿವೆ. ಎಡ್ಮಂಡ್‌ಗೂ ರಾಜವಂಶವೊಂದನ್ನು ಅಂಟಿಸಿದ್ದರು. ಅದು ನಿಲ್ಲಲಿಲ್ಲ. ಅವನ ಗಂಡು ಸಂತತಿಯವರ ವೈ ಡಿಎನ್‌ಎ (ಅಪ್ಪನಿಂದ ಮಗನಿಗೆ ಮಾತ್ರ ಹೋಗುವ ಡಿಎನ್‌ಎ) ಹೋಲಿಸಿ ನೋಡಿದ್ದಾರೆ. ಯಾರು ಅವನ ಕುಡಿ, ಯಾರು ಬರೀ ರೈಸ್ ಎಂಬ ಹೆಸರಿನವರು ಎನ್ನುವುದಕ್ಕೆ ಅದು ತುಂಬಾ ನೆರವಾಗಿದೆ. ಆದರೆ ಅವನ ಅಪ್ಪ-ಅಮ್ಮ ಯಾರೆಂದು ತೋರಿಸುವ ದಾಖಲೆ ಸಿಕ್ಕಿಲ್ಲ. ಮೊಮ್ಮಗುವಿನ ಹಾಳೆಯಲ್ಲಿ ಆ ಎರಡು ಚೌಕಗಳನ್ನು ಖಾಲಿ ಬಿಡಿ, ಪೆನ್ಸಿಲ್‌ನಲ್ಲೂ ಏನೂ ಬರೆಯಬೇಡಿ.